ಒಂದು ಹಾಳೆ ಮುಂದೆ

ಕಳೆದ ತಿಂಗಳು ಮಗಳ ಪುಸ್ತಕವೊಂದಕ್ಕೆ ಹೊಸ ರಟ್ಟು ಹಾಕಿಸಲು ಪುಣೆಯ ಹಳೇ ಪೇಠೆಯ ಒಂದು ಬೈಂಡಿಂಗ್ ಅಂಗಡಿಗೆ ಹೋಗಿದ್ದೆ. ಓಣಿ ಇಕ್ಕಟ್ಟಿನದು, ಅಂಗಡಿ ಅದಕ್ಕಿಂತಲೂ ಇಕ್ಕಟ್ಟು. ಮೂಲೆಯ ಸ್ಟೋವಿನ ಮೇಲೆ ಮೈದಾಹಿಟ್ಟಿನ ಅಂಟು ಕುದಿಯುತ್ತಿತ್ತು. ಮುದುಕನೊಬ್ಬ ಹುಳ ಹತ್ತದಂತೆ ಅದಕ್ಕೆ ಚಿಟಿಕೆ ಮೈಲುತುತ್ತ ಹಾಕಿ ಕೋಲಿನಿಂದ ತಿರುವುತ್ತಿದ್ದ. ಹಸಿಹಿಟ್ಟು ಬೆಂದು ಗಟ್ಟಿಯಾಗುವ ಆ ಸಪ್ಪೆ, ಬೆಚ್ಚನೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನೀರು ಬೇಕೇ ಎಂದು ಮುದುಕ ಮರಾಠಿಯಲ್ಲಿ ಕೇಳಿದ. ಬೇಡ ಅಂದೆ. ಮೂವತ್ತು ವರ್ಷದ ಹಿಂದೆ ಇದೇ ಊರಿನ ಕೋಥರೂಡದ ನಮ್ಮ ಅಡಿಗೆಮನೆಯಲ್ಲಿ ಇದೇ ವಾಸನೆ ವಾರಕ್ಕೊಮ್ಮೆಯಾದರೂ ಏಳುತ್ತಿತ್ತು ಎಂಬುದನ್ನು ಆತನಿಗೆ ಹೇಗೆ ಹೇಳುವುದು? ಆ ಅಂಟು ಕುದಿಸುತ್ತಿದ್ದವಳು ನನ್ನ ಗೋದತ್ತಿ. ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದವನ್ನು ಚೌಕಾಕಾರ ಕತ್ತರಿಸಿ, ಅದರ ಮೇಲೆ ಬಿಳಿ ಹಾಳೆ ಅಂಟಿಸಿ, ನಡುವೆ ಒಂದೊಂದೇ ದೊಡ್ಡ ಮರಾಠಿ ಪದ ಬರೆಯುತ್ತಿದ್ದಳು. ಅಂಗಳದ ಬಿಸಿಲಿನಲ್ಲಿ ಸಂಡಿಗೆಯ ಪಕ್ಕದಲ್ಲೇ ಆ ಪದಗಳೂ ಒಣಗುತ್ತಿದ್ದವು. ನಿಮ್ಮ ಬಾಲ್ಯದಲ್ಲೂ ಇಂಥ ಒಬ್ಬರು ಇದ್ದಿರಬೇಕು: ಮನೆಯಲ್ಲಿ ಇದ್ದಷ್ಟು ದಿನ ಮನೆಯ ಒಂದು ಭಾಗವಾಗಿಯೇ ಇದ್ದು, ಹೋದ ಮೇಲೆ ಇಡೀ ಮನೆಯನ್ನೇ ತಮ್ಮ ಜೊತೆ ಕರೆದುಕೊಂಡು ಹೋದವರು.

ನಮ್ಮದು ಮೂರು ಅಂತಸ್ತಿನ ಸೊಸೈಟಿಯ ನೆಲಮಹಡಿಯ ಮನೆ. ಎರಡು ಕೋಣೆ, ಒಂದು ಅಡಿಗೆಮನೆ, ಹಿಂದೆ ಹಾಸುಗಲ್ಲಿನ ಚೂರು ಅಂಗಳ, ಅಲ್ಲೊಂದು ಕರಿಬೇವಿನ ಗಿಡ. ಅಪ್ಪ ಪಿಂಪ್ರಿಯ ಒಂದು ಕಾರಖಾನೆಯ ಆಫೀಸಿನಲ್ಲಿ ಕ್ಲಾರ್ಕ್. ಬೆಳಿಗ್ಗೆ ಏಳಕ್ಕೆಲ್ಲ ಕಂಪನಿ ಬಸ್ಸು ಹಿಡಿಯಲು ಓಡುತ್ತಿದ್ದ. ಅವ್ವ ಜೋಳದ ರೊಟ್ಟಿ ಬಡಿಯುವ ಸದ್ದಿಗೆ ನನಗೆ ಎಚ್ಚರವಾಗುತ್ತಿತ್ತು. ಇಡೀ ಸೊಸೈಟಿಯಲ್ಲಿ ಗೋದಿಯ ಪೋಳಿ ಲಟ್ಟಿಸುವ ಮನೆಗಳ ನಡುವೆ ಹಾಗೆ ಬಡಿಯುವ ಸದ್ದು ನಮ್ಮ ಮನೆಯದು ಮಾತ್ರ. ಮೇಲಿನ ಮನೆಯವರು ಅದನ್ನೇ ಗಡಿಯಾರ ಮಾಡಿಕೊಂಡಿದ್ದರು. ಗೋದತ್ತಿ ಅಪ್ಪನ ಅಕ್ಕ. ಧಾರವಾಡದ ಕಡೆಯ ಹಳ್ಳಿಯವಳು, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು, ನಾನು ಹುಟ್ಟಿದ ವರ್ಷ ಅವ್ವನ ಬಾಣಂತನಕ್ಕೆಂದು ಪುಣೆಗೆ ಬಂದು ಅಲ್ಲೇ ಉಳಿದವಳು. ಕನ್ನಡ ಸಾಲೆ ನಾಲ್ಕನೇ ಇಯತ್ತೆಯವರೆಗೆ. ಮುಂದೆ ಕಲಿಯುವ ಆಸೆ ಇತ್ತಂತೆ, ಮನೆಯವರು ಬಿಡಿಸಿದರಂತೆ. ಇದನ್ನು ಅವಳು ದುಃಖದಿಂದ ಹೇಳುತ್ತಿರಲಿಲ್ಲ; ಯಾವುದೋ ಊರಲ್ಲಿ ಬಸ್ಸು ತಪ್ಪಿದ ಕತೆಯಂತೆ ಹೇಳುತ್ತಿದ್ದಳು. ಕಾಯಿಪಲ್ಲೆ ಕೊಳ್ಳುತ್ತ ಭಾಜಿ ಮಂಡಿಯಲ್ಲಿ ಏಳೆಂಟು ವರ್ಷ ತಿರುಗಿ ಮರಾಠಿ ಮಾತು ಕಲಿತಿದ್ದಳು. ಗಂಡು-ಹೆಣ್ಣು ಲಿಂಗ ಎಲ್ಲ ಅದಲುಬದಲು, ಆದರೆ ಎದುರಿನವರಿಗೆ ತಿಳಿಯದ್ದು ಯಾವುದೂ ಇರುತ್ತಿರಲಿಲ್ಲ.

ನಾನು ಮೂರನೆಯ ಇಯತ್ತೆಯಲ್ಲಿದ್ದಾಗಿನ ಮಾತು. ತೊಂಬತ್ತರ ದಶಕದ ಮೊದಲ ವರ್ಷಗಳು. ಆಗಸ್ಟ್ ಹದಿನೈದಕ್ಕೆ ಸೊಸೈಟಿಯ ಅಂಗಳದಲ್ಲಿ ಝೆಂಡಾ ಹಾರಿಸಲು ನಮ್ಮ ಸಾಲೆಯ ಹೆಡ್‌ಮಿಸ್ಟ್ರೆಸ್ ಲೇಲೆಬಾಯಿಯವರನ್ನು ಕರೆದಿದ್ದರು. ಸಣ್ಣ ಆಳು, ದಪ್ಪ ಕನ್ನಡಕ, ಮಾತಾಡಿದರೆ ಸೊಸೈಟಿಯ ನಾಯಿಗಳೂ ಸುಮ್ಮನಾಗುತ್ತಿದ್ದವು. ಭಾಷಣದ ಕೊನೆಗೆ ಅವರು ಸ್ವಾತಂತ್ರ್ಯ ಬಿಟ್ಟು ಸಾಲೆಯ ಮಾತಿಗೆ ಬಂದರು. ಒಂದನೆಯ ಮತ್ತು ಎರಡನೆಯ ಇಯತ್ತೆಯಲ್ಲಿ ಮಕ್ಕಳು ತುಂಬಿ ತುಳುಕುತ್ತಿದ್ದಾರೆ, ಟೀಚರು ಒಬ್ಬೊಬ್ಬರೇ. ಅಕ್ಷರ ಗೊತ್ತು, ಆದರೆ ಅಕ್ಷರ ಕೂಡಿಸಿ ಪದ ಓದಲು ಬರದ ಮಕ್ಕಳು ಹಿಂದೆ ಬೀಳುತ್ತಿದ್ದಾರೆ. ಬರುವ ಸೋಮವಾರದಿಂದ ಮಧ್ಯಾಹ್ನ ಒಂದು ತಾಸು ಯಾರಾದರೂ ಬಂದು ಇಬ್ಬರು ಮೂವರು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರಿಂದ ಓದಿಸಿದರೆ ಸಾಕು, ಇದು ಸೇವೆ, ನಾನು ಕೊಡುವುದು ಒಂದು ಕಪ್ ಚಹಾ ಮಾತ್ರ ಎಂದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಎರಡನೆಯ ಅಂತಸ್ತಿನ ನಿವೃತ್ತ ಪೋಸ್ಟ್ ಮಾಸ್ತರರು ಕೈ ಎತ್ತಿದರು, ಆಮೇಲೆ ಅವರ ಹೆಂಡತಿ, ಆಮೇಲೆ ಹೊಸದಾಗಿ ಮದುವೆಯಾಗಿ ಬಂದಿದ್ದ ಒಬ್ಬಾಕೆ. ಕೊನೆಗೆ ಎಲ್ಲರ ಹಿಂದೆ, ನೀರಿನ ಟಾಕಿಯ ಕಟ್ಟೆಗೆ ಆತು ನಿಂತಿದ್ದ ನಮ್ಮ ಗೋದತ್ತಿಯ ಬಳೆಯಿಲ್ಲದ ಕೈ ಮೇಲೆ ಹೋಯಿತು. ಅವ್ವನ ಕೈಯಲ್ಲಿದ್ದ ಪೇಢೆ ಅಲ್ಲೇ ನಿಂತಿತು.

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಅವ್ವ ಕೇಳಿದಳು: "ಅಕ್ಕಾರ, ನಿಮಗ ಮರಾಠಿ ಓದಾಕ ಬರಂಗಿಲ್ಲಲ್ರೀ!"

"ಕಲಿತೀನಿ," ಅಂದಳು ಗೋದತ್ತಿ. "ಸೋಮವಾರಕ್ಕ ಇನ್ನೂ ದಿನಾ ಅದ. ಶೈಲೂ, ನಿನ್ನ ಒಂದನೇತ್ತಾದ ಪುಸ್ತಕ ಎಲ್ಲಿ ಇಟ್ಟೀಯವಾ?"

ಹಾಗೆ ಎಂಟು ವರ್ಷದ ನಾನು ಐವತ್ತು ದಾಟಿದ ಗೋದತ್ತಿಗೆ ಮಾಸ್ತರಳಾದೆ. ಸಂಜೆ ಸಾಲೆ ಬಿಟ್ಟು ಬಂದ ಕೂಡಲೆ ಅಂಗಳದ ಹಾಸುಗಲ್ಲಿನ ಮೇಲೆ ನಮ್ಮ ಪಾಠ. ಮರಾಠಿಯ ಅಕ್ಷರಗಳ ತಲೆಯ ಮೇಲೆ ಉದ್ದಕ್ಕೆ ಎಳೆದ ಗೆರೆ ಕಂಡು ಮೊದಲ ದಿನವೇ ಅವಳು ನಕ್ಕಿದ್ದಳು. "ಇವೇನವಾ, ಎಲ್ಲಾ ಅಕ್ಷರಾನೂ ಹಗ್ಗಕ್ಕ ಒಣಾ ಹಾಕ್ಯಾರಲ್ಲ! ನಮ್ಮವು ನೋಡು, ಚಕ್ಕಲಿ ಹಂಗ ದುಂಡಗ, ತಮ್ಮ ಪಾಡಿಗಿ ತಾವು ಕೂತಿರತಾವ." ನಗುತ್ತಲೇ ಕಲಿತಳು, ಆದರೆ ಸುಲಭವಾಗಿ ಕಲಿಯಲಿಲ್ಲ. ಮರಾಠಿಯ ‘ಘ’ ಮತ್ತು ‘ಧ’ ನೋಡಲು ಅವಳಿಜವಳಿ. ಒಂದರ ತಲೆಯ ಗೆರೆ ಪೂರ್ತಿ ಇರುತ್ತದೆ, ಇನ್ನೊಂದರದು ಅಲ್ಲಿ ತುಸು ತೆರೆದಿರುತ್ತದೆ, ಅಷ್ಟೇ ವ್ಯತ್ಯಾಸ. ‘ಘರ’ ಎಂದರೆ ಮನೆ, ‘ಧರ’ ಎಂದರೆ ಹಿಡಿ. ಗೋದತ್ತಿ ಪ್ರತಿ ಸಲ ಮನೆಯನ್ನು ಹಿಡಿ ಅಂತಲೇ ಓದುತ್ತಿದ್ದಳು. ನಾನು ಹಣೆ ಬಡಿದುಕೊಳ್ಳುತ್ತಿದ್ದೆ. ಮೂರು ದಿನ ಹೀಗಾದ ಮೇಲೆ ಒಂದು ಸಂಜೆ ಪುಸ್ತಕವನ್ನು ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ ಹೇಳಿದಳು: "ಮನಿ ಅಂದ ಮ್ಯಾಲೆ ಮಾಳಿಗಿ ಪೂರ್ತಿ ಇರಬೇಕಲ್ಲ, ಇಲ್ಲಂದ್ರ ಮಳಿ ಸೋರತದ. ಮಾಳಿಗಿ ಪೂರ್ತಿ ಇದ್ದದ್ದು ಘ." ಅಂದಿನಿಂದ ಅವಳು ಆ ಎರಡು ಅಕ್ಷರಗಳಲ್ಲಿ ಎಡವಲಿಲ್ಲ. ನಿಜ ಹೇಳಬೇಕೆಂದರೆ, ನನ್ನ ಮಗಳಿಗೂ ನಾನು ಹಾಗೇ ಹೇಳಿಕೊಟ್ಟಿದ್ದೇನೆ. ಮಕ್ಕಳು ನಾಳೆ ಓದಬೇಕಾದ ಪಾಠವನ್ನು ಅವಳು ಇವತ್ತು ನನ್ನ ಹತ್ತಿರ ಓದುತ್ತಿದ್ದಳು. "ಒಂದ ಹಾಳಿ ಮುಂದ ಇದ್ರ ಸಾಕು," ಅನ್ನುತ್ತಿದ್ದಳು. ಈ ವಿಷಯ ಮನೆಯ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಬಾರದು ಎಂದು ಯಾರೂ ನನಗೆ ಹೇಳಿಯೂ ಇರಲಿಲ್ಲ.

ನಮ್ಮ ಸೊಸೈಟಿಯ ಪಕ್ಕದ ಖಾಲಿ ಜಾಗದಲ್ಲಿ ಆಗ ಹೊಸ ಕಟ್ಟಡ ಏಳುತ್ತಿತ್ತು. ಕೆಲಸಕ್ಕೆ ಬಂದವರು ವಿಜಾಪುರ, ಕಲಬುರ್ಗಿ ಕಡೆಯ ಜನ. ತಗಡಿನ ಗುಡಿಸಲು ಹಾಕಿಕೊಂಡು ಅಲ್ಲೇ ಇದ್ದರು. ಅವರಲ್ಲಿ ಗೋಡೆ ಕಟ್ಟುವ ಒಬ್ಬ ಗೌಂಡಿಯ ಮಗಳು ನೀಲವ್ವ. ವಯಸ್ಸು ಏಳು, ಒಂದನೆಯ ಇಯತ್ತೆ. ಜೂನ್‌ನಲ್ಲಿ ಸಾಲೆಗೆ ಸೇರಿದವಳು ಎರಡು ತಿಂಗಳಾದರೂ ಬಾಯಿಂದ ಒಂದು ಶಬ್ದ ಹೊರಡಿಸಿರಲಿಲ್ಲ. ಹೆಸರು ಕರೆದರೆ ತಿರುಗುತ್ತಿರಲಿಲ್ಲ, ಏಕೆಂದರೆ ಹಾಜರಿ ಪುಸ್ತಕದಲ್ಲಿ ಅವಳು ‘ನೀಲಾ’, ಮನೆಯಲ್ಲಿ ‘ನೀಲಿ’. ಹುಡುಗಿಗೆ ಕಿವಿ ಕೇಳುವುದಿಲ್ಲವೇನೋ ಎಂದು ಟೀಚರಿಗೆ ಅನುಮಾನ. ಗೋದತ್ತಿಯ ಪಾಲಿಗೆ ಬಂದ ಮೂವರಲ್ಲಿ ಅವಳೂ ಒಬ್ಬಳು. ಮೊದಲ ದಿನ ಏನಾಯಿತೆಂದು ಅತ್ತಿ ಎಷ್ಟು ಸಲ ಹೇಳಿದ್ದಾಳೆಂದರೆ, ನಾನೇ ಕಂಡಂತೆ ಆಗಿಬಿಟ್ಟಿದೆ. ವರಾಂಡದಲ್ಲಿ ಗೋಣಿತಟ್ಟು ಹಾಸಿ ಕೂತಿದ್ದಾರೆ. ಉಳಿದಿಬ್ಬರು ಹುಡುಗರು ಪುಸ್ತಕ ನೋಡುತ್ತಿದ್ದಾರೆ, ನೀಲವ್ವ ಮಾತ್ರ ತನ್ನ ಹೆಬ್ಬೆರಳು ನೋಡುತ್ತಿದ್ದಾಳೆ. ಅದರ ಮೇಲೆ ಕೆಂಪು ಇರುವೆಯೊಂದು ಹತ್ತುತ್ತಿದೆ. "ಇರವಿ," ಎಂದಳಂತೆ ತನಗೆ ತಾನೇ, ಉಸಿರಿನಷ್ಟು ಮೆಲ್ಲಗೆ. ಗೋದತ್ತಿ ಬಗ್ಗಿ, "ಹೌದವಾ, ಇರವಿ. ಕಡಿತೇನು?" ಎಂದು ಕೇಳಿದಳು. ಹುಡುಗಿ ತಲೆ ಎತ್ತಿ ನೋಡಿದ ನೋಟ ಹೇಗಿತ್ತೆಂದು ಹೇಳುವಾಗೆಲ್ಲ ಅತ್ತಿಯ ದನಿ ತಗ್ಗುತ್ತಿತ್ತು. ಆಮೇಲೆ ಒಂದು ತಾಸು ಹುಡುಗಿ ನಿಲ್ಲಿಸಲೇ ಇಲ್ಲ: ಊರಿನ ಆಕಳು, ತಮ್ಮನ ಜ್ವರ, ಕಟ್ಟಡದ ಮೂರನೆಯ ಅಂತಸ್ತಿನಿಂದ ಕಾಣುವ ಗುಡ್ಡ, ಎರಡು ತಿಂಗಳ ಎಲ್ಲ ಮಾತೂ. ಆ ದಿನ ಯಾರೂ ಒಂದಕ್ಷರ ಓದಲಿಲ್ಲ.

ಲಗ್ನಪತ್ರಿಕೆಯ ಪದಗಳು ಶುರುವಾದದ್ದು ಆಮೇಲೆ. ಪಾಠದ ಪುಸ್ತಕದ ಪದಗಳನ್ನು ನೀಲವ್ವ ಗಿಳಿಯಂತೆ ಹೇಳುತ್ತಿದ್ದಳು, ಅರ್ಥವಿಲ್ಲದ್ದು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಗೋದತ್ತಿ ಅಡಿಗೆಮನೆಯ ಕಟ್ಟೆಗೆ ಕೂತು ಯೋಚಿಸಿದಳು: ನಮ್ಮ ಕಡೆಯ ಕನ್ನಡಕ್ಕೂ ಇಲ್ಲಿಯ ಮರಾಠಿಗೂ ಒಂದೇ ಇರುವ ಪದ ಯಾವುವು? ನಳ. ಪಾಟಿ. ಖಿಡಕಿ. ಶೇಂಗಾ. ಗಣಪತಿ. ಅವ್ವ ರೊಟ್ಟಿ ಬಡಿಯುತ್ತ ಒಂದು ಹೇಳಿದರೆ, ಅಪ್ಪ ಬೂಟು ಬಿಚ್ಚುತ್ತ ಇನ್ನೊಂದು. "ಅಕ್ಕಾ, ‘ಸಾಬಣ’ ಬರಕೋ," ಎಂದು ಬಚ್ಚಲಿನಿಂದ ಅಪ್ಪ ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಇಡೀ ಮನೆ ಒಂದು ವಾರ ಪದ ಹುಡುಕಿತು. ನಾನು ಮರಾಠಿಯಲ್ಲಿ ಬರೆದುಕೊಡುತ್ತಿದ್ದೆ, ಅತ್ತಿ ನೋಡಿ ದೊಡ್ಡದಾಗಿ ತಿದ್ದುತ್ತಿದ್ದಳು. ಆ ಮನೆಯಲ್ಲಿ ನಾನು ಎಲ್ಲಕ್ಕಿಂತ ಸುಖವಾಗಿದ್ದ ವಾರ ಯಾವುದೆಂದು ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತೇನೆ. ದಸರೆಯ ಹೊತ್ತಿಗೆ ನೀಲವ್ವ ಆ ಚೌಕಗಳನ್ನು ಒಂದೊಂದಾಗಿ ಎತ್ತಿ ಓದುತ್ತಿದ್ದಳು, ಓದಿದ್ದನ್ನು ಬೆರಳು ಮಾಡಿ ತೋರಿಸುತ್ತಿದ್ದಳು: ಅಗೋ ನಳ, ಅಗೋ ಖಿಡಕಿ. ಬರೆದದ್ದಕ್ಕೂ ಕಣ್ಣೆದುರಿನದಕ್ಕೂ ಸಂಬಂಧವಿದೆ ಎಂದು ಅವಳಿಗೆ ಹೊಳೆದದ್ದು ಹಾಗೆ.

ಆದರೆ ನನ್ನ ಸುಖ ಬಹಳ ದಿನ ಉಳಿಯಲಿಲ್ಲ. ನೀಲವ್ವ ಸಾಲೆ ಬಿಟ್ಟ ಮೇಲೆ ಅತ್ತಿಯ ಸೆರಗು ಹಿಡಿದು ನಮ್ಮ ಮನೆಗೇ ಬರತೊಡಗಿದಳು. ನಾನು ಕೂರುತ್ತಿದ್ದ ಹಾಸುಗಲ್ಲಿನ ಮೇಲೆ ಕೂತಳು. ಅತ್ತಿ ಅವಳ ಸಿಮೆಂಟು ಹಿಡಿದ ಕೂದಲಿಗೆ ಕೊಬ್ಬರಿ ಎಣ್ಣೆ ಹಚ್ಚಿ ಬಾಚಿ, ಎರಡು ಜಡೆ ಹಾಕಿ, ನನ್ನ ಹಳೆಯ ರಿಬ್ಬನ್ ಕಟ್ಟಿದಳು. ನಮ್ಮ ಪಾಠದ ಹೊತ್ತು ಕಡಿಮೆಯಾಗುತ್ತ ಬಂತು. ಒಂದು ದಿನ ಬಂದು ನೋಡಿದರೆ ನನ್ನ ಒಂದನೆಯ ಇಯತ್ತೆಯ ಪುಸ್ತಕ, ನಾನೇ ಚಿತ್ರಗಳಿಗೆ ಬಣ್ಣ ಹಚ್ಚಿದ್ದು, ನೀಲವ್ವನ ಚೀಲದಲ್ಲಿತ್ತು. "ಆಕಿ ಓದಲಿ ಬಿಡವಾ, ನಿನಗ ಅದು ಸಣ್ಣದಾತು," ಎಂದಳು ಅತ್ತಿ. ಅಂದು ರಾತ್ರಿ ನಾನು ಊಟ ಬಿಟ್ಟೆ. ಮಾರನೆಯ ದಿನ ನಮ್ಮ ಟೀಚರು ಹಾಜರಿ ಪುಸ್ತಕ ಕೊಟ್ಟು ಬಾ ಎಂದು ನನ್ನನ್ನು ಲೇಲೆಬಾಯಿಯವರ ಕೋಣೆಗೆ ಕಳಿಸಿದರು. ಅವರು ಕನ್ನಡಕ ಮೇಲೆ ಸರಿಸಿ, ನಿಮ್ಮ ಅತ್ತಿ ಎಷ್ಟು ಚೆಂದ ಕಲಿಸುತ್ತಾರೆ ಗೊತ್ತೇನು ಎಂದರು. ನನ್ನ ಬಾಯಿಂದ ಬಂದೇಬಿಟ್ಟಿತು: "ತ್ಯಾಂನಾ ವಾಚತಾ ಯೇತ ನಾಹೀ. ಮೀ ಶಿಕವತೇ." ಅವರಿಗೆ ಓದಲು ಬರುವುದಿಲ್ಲ, ನಾನು ಕಲಿಸುತ್ತೇನೆ. ಲೇಲೆಬಾಯಿ "ಬರಂ," ಸರಿ, ಎಂದಷ್ಟೇ ಹೇಳಿ ಹಾಜರಿ ಪುಸ್ತಕ ತೆಗೆದುಕೊಂಡರು. ಅತ್ತಿ ಕೂರುವ ವರಾಂಡವನ್ನು ನಾನು ಓಡುತ್ತ ದಾಟಿದೆ.

ಆ ಮಧ್ಯಾಹ್ನ ಗೋದತ್ತಿ ಹೊತ್ತಿಗೆ ಮುಂಚೆಯೇ ಮನೆಗೆ ಬಂದಿದ್ದಳಂತೆ. ನಾನು ಬರುವಷ್ಟರಲ್ಲಿ ಪದಗಳ ಚೀಲ ಕಪಾಟಿನ ಮೇಲೆ ಹೋಗಿತ್ತು. ಅವಳು ಅಕ್ಕಿ ಆರಿಸುತ್ತಿದ್ದಳು. ಸಾಲೆಯಲ್ಲಿ ಏನಾಯಿತೆಂದು ಅವ್ವನಿಗೆ ಹೇಳಿದ್ದನ್ನು ನಾನು ಬಾಗಿಲ ಮರೆಯಿಂದ ಕೇಳಿಸಿಕೊಂಡೆ. ಲೇಲೆಬಾಯಿ ಅವಳನ್ನು ಕೋಣೆಗೆ ಕರೆದು, ಮೂರನೆಯ ಇಯತ್ತೆಯ ಪುಸ್ತಕ ತೆರೆದು ಒಂದು ಪುಟ ಓದಲು ಹೇಳಿದರಂತೆ. ಎರಡು ಸಾಲು ಓದಿದಳಂತೆ. ಮೂರನೆಯ ಸಾಲಿನಲ್ಲಿ ಜೋಡಕ್ಷರ ಬಂದು ನಿಂತಿತಂತೆ. "ಅವರೇನೂ ಅನ್ನಲಿಲ್ಲವಾ. ನಾನs ಪುಸ್ತಕ ಮುಚ್ಚಿ, ತಪ್ಪಾತ್ರೀ, ನಾಳಿಂದ ಬರಂಗಿಲ್ಲ ಅಂತ ಹೇಳಿ ಬಂದೆ." ಅವ್ವ ಸಮಾಧಾನ ಮಾಡಲು ಹೋದಳು. ಅತ್ತಿ ಅಕ್ಕಿಯಿಂದ ಕಣ್ಣೆತ್ತಲಿಲ್ಲ. "ನಾಕ ಮಂದಿ ಕಲಿತವರ ನಡುವ ನಾ ಯಾಕ ಕೈ ಎತ್ತಬೇಕಾಗಿತ್ತು," ಎಂದಳು. ಅವಳು ತನ್ನನ್ನೇ ಬೈದುಕೊಂಡದ್ದನ್ನು ನಾನು ಮೊದಲು ಕೇಳಿದ್ದು ಅಂದು. ನನ್ನನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಅತ್ತು ಹಗುರಾಗುತ್ತಿದ್ದೆ.

ಮೂರು ದಿನ ಅವಳು ಸಾಲೆಗೆ ಹೋಗಲಿಲ್ಲ. ನೀಲವ್ವ ಮಾತ್ರ ಸಂಜೆ ಬಂದು ನಮ್ಮ ಗೇಟಿನ ಹೊರಗೆ ನಿಲ್ಲುತ್ತಿದ್ದಳು, ಒಳಗೆ ಕಾಲಿಡುತ್ತಿರಲಿಲ್ಲ. ಅತ್ತಿ ಮೊಣಕಾಲು ನೋವೆಂದು ಒಳಕೋಣೆಯಲ್ಲಿ ಮಲಗಿರುತ್ತಿದ್ದಳು. ಮೂರನೆಯ ದಿನ ನನಗೆ ತಡೆಯಲಾಗಲಿಲ್ಲ. ನಾನೇ ಹೋಗಿ ನೀಲವ್ವನ ಕೈ ಹಿಡಿದು ತಂದು ಮೇಲಂತಸ್ತಿಗೆ ಹತ್ತುವ ಜಿನೆಯ ಮೆಟ್ಟಿಲ ಮೇಲೆ ಕೂರಿಸಿ, "ನಾ ಓದಿಸ್ತೀನಿ, ತಗಿ ಪುಸ್ತಕ," ಎಂದೆ. ನಾನು ಓದುವುದರಲ್ಲಿ ತರಗತಿಗೇ ಮೊದಲಿನವಳು. ಅವಳು ಒಂದು ಪದದ ಮೇಲೆ ಬೆರಳಿಟ್ಟಳು. ಅವಳ ತುಟಿ ಅಲುಗುವ ಮೊದಲೇ ನಾನು ಹೇಳಿಬಿಟ್ಟೆ. ಮುಂದಿನದನ್ನೂ ಹೇಳಿದೆ. ಅದರ ಮುಂದಿನದಕ್ಕೆ, "ಇಷ್ಟೂ ಬರಂಗಿಲ್ಲೇನ?" ಎಂದೆ. ನೀಲವ್ವ ಪುಸ್ತಕ ಮುಚ್ಚಿದಳು. ಬಾಯಿಯೂ ಮುಚ್ಚಿತು, ಜೂನ್ ತಿಂಗಳಲ್ಲಿ ಮುಚ್ಚಿದ್ದ ಹಾಗೆ. ಎದ್ದು ಹೊರಟುಹೋದಳು. ನಾನು ಮೆಟ್ಟಿಲ ಮೇಲೆ ಒಬ್ಬಳೇ ಕೂತೆ. ನನಗೆ ಓದಲು ಬರುತ್ತಿತ್ತು, ಕಾಯಲು ಬರುತ್ತಿರಲಿಲ್ಲ. ಗೋದತ್ತಿ ಆ ವರಾಂಡದಲ್ಲಿ ದಿನಾ ಮಾಡುತ್ತಿದ್ದದ್ದು ಕಾಯುವ ಕೆಲಸ ಎಂಬುದು ಎಂಟು ವರ್ಷದ ತಲೆಗೆ ಅಷ್ಟಾಗಿ ಹೊಳೆಯಿತೋ ಇಲ್ಲವೋ. ಆದರೆ ಅವಳ ಜಾಗದಲ್ಲಿ ನಾನು ಕೂತರೆ ಸಾಲದು ಎಂಬುದಂತೂ ಅಂದೇ ತಿಳಿಯಿತು.

ನಾಲ್ಕನೆಯ ದಿನ ಸಂಜೆ ಲೇಲೆಬಾಯಿ ನಮ್ಮ ಮನೆಗೆ ಬಂದರು. ಅವ್ವ ಗಡಬಡಿಸಿ ಕುರ್ಚಿ ಒರೆಸಿದಳು, ಅವಲಕ್ಕಿ ಮಾಡಲು ಓಡಿದಳು. ನಾನು ಅಡಿಗೆಮನೆಯ ಪರದೆಯ ಹಿಂದೆ ನಿಂತಿದ್ದೆ. ಇವರು ಈಗ ನನ್ನ ಹೆಸರು ಹೇಳುತ್ತಾರೆ, ಅತ್ತಿ ತಿರುಗಿ ನನ್ನ ಕಡೆ ನೋಡುತ್ತಾಳೆ ಎಂದು ಉಸಿರು ಹಿಡಿದಿದ್ದೆ. ಅವರು ಹೇಳಲಿಲ್ಲ. ಗೋದತ್ತಿಯ ಎದುರು ಕೂತು, ನಿಧಾನವಾಗಿ, ಅವಳಿಗೆ ತಿಳಿಯುವಂಥ ಸರಳ ಮರಾಠಿಯಲ್ಲಿ ಹೇಳಿದರು: ಹುಡುಗಿ ಮತ್ತೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಾಳೆ. ಓದಿಸಲು ಬರುವ ಉಳಿದವರು ಬಹಳ ಚೆನ್ನಾಗಿ ಓದಬಲ್ಲವರು, ಅದಕ್ಕೇ ಮಕ್ಕಳು ಎಲ್ಲಿ ಎಡವುತ್ತಾರೆಂದು ಅವರಿಗೆ ಕಾಣುವುದಿಲ್ಲ. ನೀವು ನಿನ್ನೆ ತಾನೆ ಅಲ್ಲೇ ಎಡವಿದವರು, ನಿಮಗೆ ಆ ಕಲ್ಲು ಗೊತ್ತು. ‘ಘರ’ದ ಮಾಳಿಗೆಯ ಮಾತನ್ನು ಮಕ್ಕಳು ನನಗೆ ಹೇಳಿದರು; ಮೂವತ್ತು ವರ್ಷ ಕಲಿಸಿದ್ದೇನೆ, ನನಗೆ ಅದು ತೋಚಿರಲಿಲ್ಲ. ಗೋದತ್ತಿ ಸೆರಗಿನ ಅಂಚು ತಿರುವುತ್ತ ಕೂತಿದ್ದಳು. ಕೊನೆಗೆ ತನ್ನ ಅದಲುಬದಲು ಮರಾಠಿಯಲ್ಲಿ ಒಂದೇ ಕರಾರು ಹಾಕಿದಳು: ನನಗೆ ಓದಲು ಬರುವುದಿಲ್ಲ ಎಂದು ಮಕ್ಕಳಿಗೆ ನಾನೇ ಹೇಳುತ್ತೇನೆ, ಬಚ್ಚಿಟ್ಟುಕೊಂಡು ಕೂರುವುದಿಲ್ಲ. ಲೇಲೆಬಾಯಿ ನಕ್ಕು ಅವಲಕ್ಕಿಯ ತಾಟಿಗೆ ಕೈ ಹಾಕಿದರು. ಹೋಗುವಾಗ ಪರದೆಯ ಕಡೆ ಒಮ್ಮೆ ನೋಡಿದರು, ಅಷ್ಟೇ.

ಮರುದಿನದಿಂದ ವರಾಂಡದ ಪಾಠದ ರೀತಿಯೇ ಬದಲಾಯಿತು. ಅತ್ತಿ ಪುಸ್ತಕ ತೆರೆದು, "ಇದು ನನಗೂ ಗೊತ್ತಿಲ್ಲ, ಎಲ್ಲಾರೂ ಕೂಡಿ ನೋಡೋಣ ಬರ್ರಿ," ಎನ್ನುತ್ತಿದ್ದಳು. ಮಕ್ಕಳಿಗೆ ಎಲ್ಲಿಲ್ಲದ ಹುರುಪು. ಹುಡುಗರು ಅವಳ ತಪ್ಪು ಹುಡುಕಲೆಂದೇ ಮುಂದಿನ ಪುಟ ಓದಿಕೊಂಡು ಬರುತ್ತಿದ್ದರು. ಸಂಜೆ ನಮ್ಮ ಅಂಗಳದ ಪಾಠವೂ ಮತ್ತೆ ಶುರುವಾಯಿತು, ಈಗ ನೀಲವ್ವ ಒಂದು ಪಕ್ಕ, ನಾನು ಇನ್ನೊಂದು ಪಕ್ಕ. ನನ್ನ ಬಣ್ಣದ ಪುಸ್ತಕದ ಬಗ್ಗೆ ನಾನು ಮತ್ತೆ ಮಾತೆತ್ತಲಿಲ್ಲ. ಒಂದು ಸಂಜೆ ನೀಲವ್ವ ಅದರಲ್ಲಿ ನಾನು ನೀಲಿ ಬಳಿದಿದ್ದ ಆನೆಯನ್ನು ತೋರಿಸಿ, "ಇದಕ್ಯಾಕ ನನ್ನ ಹೆಸರಿನ ಬಣ್ಣ ಹಚ್ಚಿ?" ಎಂದು ಕೇಳಿದಳು. ಇಬ್ಬರೂ ನಕ್ಕೆವು. ಅಂದಿನಿಂದ ಗೆಳತಿಯರು.

ಮಾರ್ಚ್ ಕೊನೆಯ ಒಂದು ಶನಿವಾರ ಲೇಲೆಬಾಯಿ ಪಾಲಕರನ್ನು ಕರೆಸಿ, ಈ ಮಕ್ಕಳು ಒಬ್ಬೊಬ್ಬರಾಗಿ ಎಲ್ಲರೆದುರು ಒಂದು ಪುಟ ಓದುತ್ತಾರೆ ಎಂದರು. ಅಪ್ಪ, ಅವ್ವ, ನಾನು ಮೂವರೂ ಹೋಗಿದ್ದೆವು. ಅಪ್ಪ ಅರ್ಧ ದಿನ ರಜೆ ಹಾಕಿದ್ದ. ನೀಲವ್ವನ ಅಪ್ಪ ಕೆಲಸದ ಮೇಲಿಂದಲೇ ಬಂದಿದ್ದ, ಹಿಮ್ಮಡಿಯ ಸಿಮೆಂಟು ಒಣಗಿರಲಿಲ್ಲ. ಅವಳವ್ವ ಕೂಸನ್ನು ಸೊಂಟದ ಮೇಲೆ ಹೊತ್ತು ಬಾಗಿಲಲ್ಲೇ ನಿಂತಿದ್ದಳು. ಪಾಠ ಗುಡ್ಡ ಹತ್ತಿದ ಆಡಿನ ಮರಿಯದು. ನೀಲವ್ವ ಎರಡು ಜಡೆ, ಗಟ್ಟಿ ದನಿ, ನಾಲ್ಕು ಸಾಲು ಸರಾಗ ಓದಿದಳು. ಐದನೆಯ ಸಾಲಿನ ‘ಡೋಂಗರ’ ಎಂಬ ಪದದ ಹತ್ತಿರ ನಿಂತುಬಿಟ್ಟಳು. ಗುಡ್ಡಕ್ಕೆ ಮರಾಠಿಯ ಹೆಸರು. ಹೊರಗೆ ಯಾರದೋ ಸ್ಕೂಟರ್ ಶುರುವಾಗಿ ದೂರ ಹೋಗುವವರೆಗೂ ಅವಳು ನಿಂತೇ ಇದ್ದಳು. ನನ್ನ ನಾಲಿಗೆಯ ತುದಿಗೆ ಆ ಪದ ಬಂದು ಕೂತಿತ್ತು. ಪೋಸ್ಟ್ ಮಾಸ್ತರರ ಹೆಂಡತಿ ಹೇಳಿಕೊಡಲು ಬಾಯಿ ತೆರೆದರು. ಗೋದತ್ತಿ ಕೂತಲ್ಲಿಂದಲೇ ಒಂದು ಬೆರಳು ಎತ್ತಿದಳು: ತಡೀರಿ. ಅವಳ ಮುಖದಲ್ಲಿ ಆತುರವಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ಹಾಲು ಉಕ್ಕುವುದನ್ನು ಕಾಯುವವರ ಹಾಗೆ ಇದ್ದಳು. ನೀಲವ್ವ ಬೆರಳಿಟ್ಟು ಬಿಡಿಸಿದಳು: ಡೋಂ... ಗ... ರ. ಡೋಂಗರ. ಪುಟ ಮುಗಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳಪ್ಪ ಮಾತ್ರ ತಟ್ಟಲಿಲ್ಲ. ಗೋದತ್ತಿಯ ಹತ್ತಿರ ಬಂದು ಸಂಕೋಚದಿಂದ ಕೇಳಿದ: "ಯವ್ವಾ, ಅದರಾಗ ಏನಂತ ಬರದಾರ್ರೀ?"

ಅತ್ತಿ ನೀಲವ್ವನ ಕಡೆ ನೋಡಿದಳು.

"ಆಡಿನ ಮರಿ ಗುಡ್ಡಾ ಹತ್ತೇದಪಾ," ಎಂದಳು ನೀಲವ್ವ. "ಅವರವ್ವ ಎಷ್ಟ ಕರದರೂ ಇಳದ ಬರವಲ್ದು."

"ನಿನ್ನಂಗ," ಎಂದ ಅವಳಪ್ಪ. ನಗುತ್ತಿದ್ದ, ಮೂಗು ಒರೆಸಿಕೊಳ್ಳುತ್ತಲೂ ಇದ್ದ. ಮಗಳ ಕೈಯಿಂದ ಪುಸ್ತಕ ತೆಗೆದುಕೊಂಡು, ಆ ಪುಟವನ್ನು ಅಂಗೈಯಿಂದ ಒಮ್ಮೆ ಸವರಿ, ಮೆಲ್ಲಗೆ ಹಿಂದಕ್ಕೆ ಕೊಟ್ಟ.

ಮೇ ತಿಂಗಳಲ್ಲಿ ಕಟ್ಟಡ ಮುಗಿಯಿತು. ತಳೇಗಾಂವದ ಕಡೆ ಹೊಸ ಕಾರಖಾನೆಗಳು ಏಳುತ್ತಿದ್ದವು, ಕೆಲಸದವರು ಅತ್ತ ಹೋದರು. ಒಂದು ಬೆಳಿಗ್ಗೆ ತಗಡಿನ ಗುಡಿಸಲು ಇದ್ದಲ್ಲಿ ಬರೀ ನೆಲ. ನಾನು ಬಹಳ ಅತ್ತೆ. ಗೋದತ್ತಿ ಅಳಲಿಲ್ಲ. "ಓದಾಕ ಬರ್ತದ ಆಕಿಗಿ. ಬಸ್ಸಿನ ಬೋರ್ಡ ಓದಿ ಎಲ್ಲಿಗಿ ಬೇಕಾದ್ರೂ ಹೋಗ್ತಾಳ, ಎಲ್ಲಿಂದ ಬೇಕಾದ್ರೂ ಬರ್ತಾಳ," ಎಂದಳು. ನೀಲವ್ವ ಮತ್ತೆ ಬರಲಿಲ್ಲ. ಜೂನ್‌ನಲ್ಲಿ ಬೇರೆ ಮಕ್ಕಳು ಬಂದರು, ಬೇರೆ ಕಟ್ಟಡಗಳ ಮಕ್ಕಳು. ಗೋದತ್ತಿ ಹನ್ನೆರಡು ವರ್ಷ ಆ ವರಾಂಡದಲ್ಲಿ ಕೂತಳು. ಲೇಲೆಬಾಯಿ ನಿವೃತ್ತರಾದರು, ಪೋಸ್ಟ್ ಮಾಸ್ತರರು ತೀರಿಕೊಂಡರು, ಓದಿಸಲು ಕಾಲೇಜಿನ ಹುಡುಗಿಯರು ಬರತೊಡಗಿದರು. ಅವರಿಗೆ ಕೂರುವುದು ಹೇಗೆಂದು ಗೋದತ್ತಿಯೇ ತೋರಿಸುತ್ತಿದ್ದಳು. ನಡುವೆ ಒಂದು ವರ್ಷ ನಾಲ್ಕನೆಯ ಇಯತ್ತೆಯ ಮರಾಠಿ ಪುಸ್ತಕವನ್ನೂ ಪೂರ್ತಿ ಓದಿ ಮುಗಿಸಿದಳು, ಜೋಡಕ್ಷರ ಸಹಿತ. ಅಂದು ಅವ್ವ ಹೋಳಿಗೆ ಮಾಡಿದ್ದಳು.

ಈಗ ಅವರಾರೂ ಇಲ್ಲ. ಗೋದತ್ತಿ ಹೋದಳು, ಐದಾರು ವರ್ಷಗಳ ಅಂತರದಲ್ಲಿ ಅಪ್ಪ, ಅವ್ವ. ಸೊಸೈಟಿಯನ್ನು ಕೆಡವಿ ಹನ್ನೊಂದು ಅಂತಸ್ತು ಎಬ್ಬಿಸಿದ್ದಾರೆ. ನಮ್ಮ ಅಂಗಳ ಇದ್ದಲ್ಲಿ ಕಾರುಗಳು ನಿಲ್ಲುತ್ತವೆ. ಬೆಳಿಗ್ಗೆ ರೊಟ್ಟಿ ಬಡಿಯುವ ಸದ್ದನ್ನು ನೆನಪಿಟ್ಟುಕೊಂಡವರು ಅಲ್ಲಿ ಯಾರೂ ಉಳಿದಿಲ್ಲ. ಆದರೂ ಆ ಮನೆಯನ್ನು ನೆನೆದಾಗ ನನಗೆ ದುಃಖಕ್ಕಿಂತ ತೃಪ್ತಿಯೇ ಹೆಚ್ಚು. ಯಾಕೆಂದರೆ ಅಲ್ಲಿ ಹೇಳಬೇಕಾದ ಒಂದು ಮಾತನ್ನು ನಾನು ಹೇಳಿ ಮುಗಿಸಿದ್ದೇನೆ, ತಡವಾಗಿಯಾದರೂ.

ಅದು ಅವಳು ತೀರಿಕೊಳ್ಳುವ ಹಿಂದಿನ ಚಳಿಗಾಲ. ನಾನು ಆಗ ಬಿ.ಎಡ್. ಓದುತ್ತಿದ್ದೆ. ಭಾನುವಾರದ ಇಳಿಹೊತ್ತು, ಇಬ್ಬರೂ ಅಂಗಳದಲ್ಲಿ ಹಸಿ ಬಟಾಣಿ ಸುಲಿಯುತ್ತಿದ್ದೆವು. ಪಾಠ ಹೇಳುವ ಅಭ್ಯಾಸಕ್ಕೆ ಸಾಲೆಗೆ ಹೋದಾಗ ಮಗುವೊಂದು ಓದಲು ತಡವರಿಸಿದ್ದನ್ನು ಹೇಳುತ್ತಿದ್ದವಳು ಇದ್ದಕ್ಕಿದ್ದಂತೆ ನಿಲ್ಲಿಸಿ, "ಅತ್ತೀ, ಅವತ್ತ ಲೇಲೆಬಾಯಿಯವರಿಗೆ ಹೇಳಿದಾಕಿ ನಾನs," ಎಂದೆ. ಹದಿನಾಲ್ಕು ವರ್ಷ ಒಳಗೇ ಇದ್ದ ಮಾತು.

ಅವಳ ಕೈ ನಿಲ್ಲಲಿಲ್ಲ. "ಗೊತ್ತದ," ಎಂದಳು. "ಬಾಯಿಯವರು ಅವತ್ತs ತಮ್ಮ ಕೋಣ್ಯಾಗ ಹೇಳಿದ್ರು."

"ಮತ್ತ ನನಗ ಯಾಕ ಬೈಲಿಲ್ಲ ನೀನು?"

ಅವಳು ಬಟಾಣಿಯ ಸಿಪ್ಪೆಯನ್ನು ಪಕ್ಕಕ್ಕೆ ಹಾಕಿ ನನ್ನ ಮುಖ ನೋಡಿದಳು. ಕಣ್ಣಲ್ಲಿ ಪೊರೆ ಬಂದಿತ್ತು, ಆದರೂ ನೇರವಾಗಿ ನೋಡಿದಳು. "ಬೈದಿದ್ರ, ಮರುದಿನ ನನಗ ಪಾಠ ಯಾರು ಹೇಳತಿದ್ರು?"

ನಾನು ನಕ್ಕೆನೋ ಅತ್ತೆನೋ ನೆನಪಿಲ್ಲ. ಅವಳು ಒಂದು ಎಳೆಯ ಕಾಯಿ ಒಡೆದು ಕಾಳುಗಳನ್ನು ನನ್ನ ಅಂಗೈಗೆ ಸುರಿದಳು, ನಾನು ತಿಂದೆ. ಬಿಸಿಲು ಗೋಡೆಯಿಂದ ಇಳಿದು ಹೋಯಿತು. ಅಪ್ಪ ಹೊರಗೆ ಬಂದು, ಇಷ್ಟು ಹೊತ್ತಾದರೂ ಇಬ್ಬರೂ ಕತ್ತಲಲ್ಲಿ ಕೂತಿದ್ದೀರಲ್ಲ ಎಂದು ಅಂಗಳದ ದೀಪ ಹಚ್ಚಿದ.